ಡ್ರಿಲ್ ತಗೊಳ್ಳುವ ಮೊದಲು ಕಾರ್ಬನ್ ಸಿಗುತ್ತಾ ಕೇಳಿ

ಕರ್ಟನ್ ರಾಡ್ ಕೂರಿಸುವವರ ಕೈಯಲ್ಲಿ ಡ್ರಿಲ್ ಬೇಗ ಸೋಲುತ್ತದೆ. ರಾಡಿನ ಬ್ರಾಕೆಟ್ ಬರುವುದು ಕಿಟಕಿಯ ಮೇಲೆ ಅಲ್ವಾ? ಅಲ್ಲಿ ಇಟ್ಟಿಗೆ ಸಿಗುವುದಿಲ್ಲ, ಲಿಂಟಲ್ ಇರುತ್ತದೆ. ಗಟ್ಟಿ ಕಾಂಕ್ರೀಟು, ಒಳಗೆ ಕಂಬಿ. ದಾವಣಗೆರೆಯಲ್ಲಿ ನನಗೆ ದಿನಾ ಇದೇ ಕೆಲಸ.

ಅಂಗಡಿಯಲ್ಲಿ ಎಲ್ಲರೂ ಮೊದಲು ಕೇಳುವುದು ಎಷ್ಟು ವ್ಯಾಟ್ ಅಂತ. ನಾನು ಕೇಳುವುದು ಬೇರೆ. ಇದರ ಕಾರ್ಬನ್ ಇದೆಯಾ? ಆರ್ಮೇಚರ್, ಅಂದರೆ ಮೋಟಾರಿನೊಳಗೆ ತಿರುಗುವ ಭಾಗ, ಸಿಗುತ್ತಾ? ಕಾರ್ಬನ್ ಅಂದರೆ ಬ್ರಷ್, ತಿರುಗುವ ಆರ್ಮೇಚರಿಗೆ ಉಜ್ಜಿಕೊಂಡು ಕರೆಂಟ್ ಕೊಡುವ ಎರಡು ಸಣ್ಣ ತುಂಡು. ಅದು ಸವೆಯಲಿಕ್ಕೆಂದೇ ಇರುವ ವಸ್ತು. ಅದು ಮುಗಿದರೆ ಡ್ರಿಲ್ ನಿಂತು ನಿಂತು ಓಡುತ್ತದೆ, ಹಿಂದಿನ ಗಾಳಿಕಿಂಡಿಯಲ್ಲಿ ಕಿಡಿ ಜಾಸ್ತಿ ಕಾಣುತ್ತದೆ. ಆಗಲೇ ಬಿಚ್ಚಿ ನೋಡಬೇಕು. ಹಾಗೇ ಓಡಿಸಿದರೆ ಕಮ್ಯುಟೇಟರ್, ಅಂದರೆ ಆರ್ಮೇಚರಿನಲ್ಲಿ ಕಾರ್ಬನ್ ಉಜ್ಜುವ ದುಂಡನೆಯ ತಾಮ್ರದ ಭಾಗ, ಕಪ್ಪಾಗಿ ಗೀರು ಬೀಳುತ್ತದೆ, ಸಣ್ಣ ಖರ್ಚು ದೊಡ್ಡದಾಗುತ್ತದೆ. ಬದಲಿಸುವಾಗ ಎರಡನ್ನೂ ಒಟ್ಟಿಗೆ ಬದಲಿಸಿ. ಹೊಸ ಕಾರ್ಬನ್ ಹಾಕಿದ ಕೂಡಲೇ ಗೋಡೆಗೆ ಇಡಬೇಡಿ. ಸ್ವಲ್ಪ ಹೊತ್ತು ಖಾಲಿ ಓಡಿಸಿ. ಅದರ ತುದಿ ಕಮ್ಯುಟೇಟರಿನ ದುಂಡಿಗೆ ತಕ್ಕಂತೆ ಸವೆದು ಸರಿಯಾಗಿ ಕೂರುತ್ತದೆ.

ಇನ್ನೊಂದು, ಒತ್ತುವುದು. ಮಾಮೂಲಿ ಇಂಪ್ಯಾಕ್ಟ್ ಡ್ರಿಲ್ಲಿನಲ್ಲಿ ಹಲ್ಲಿರುವ ಎರಡು ಬಿಲ್ಲೆ ಉಜ್ಜಿಕೊಂಡು ಬಡಿತ ಕೊಡುತ್ತವೆ. ಇಟ್ಟಿಗೆಗೆ ಅಷ್ಟು ಸಾಕು. ಲಿಂಟಲ್ಲಿಗೆ ಸಾಲದು, ಆಗ ನಾವು ಮೈಭಾರ ಹಾಕಿ ಒತ್ತುತ್ತೇವೆ. ಮೋಟಾರ್ ನಿಧಾನ ಆಗುತ್ತದೆ, ಕರೆಂಟ್ ಜಾಸ್ತಿ ಎಳೆಯುತ್ತದೆ. ಮೋಟಾರ್ ತಣಿಸುವ ಫ್ಯಾನ್ ಇರುವುದೂ ಅದೇ ಶಾಫ್ಟಿನಲ್ಲಿ, ಅದೂ ನಿಧಾನ ಆಗುತ್ತದೆ. ವೈಂಡಿಂಗ್, ಅಂದರೆ ಮೋಟಾರಿನೊಳಗೆ ಸುತ್ತಿದ ತಂತಿ, ಸುಡುವುದು ಹೀಗೆ. ಕಾಂಕ್ರೀಟಿಗೆ ಎಸ್‌ಡಿಎಸ್ ಬಿಟ್ಟಿನ (ಬುಡದಲ್ಲಿ ಗಾಡಿ ಇರುವ, ಒತ್ತಿದರೆ ಕೂರುವ ಬಿಟ್) ರೋಟರಿ ಹ್ಯಾಮರ್ ತಗೊಳ್ಳಿ. ಅದರಲ್ಲಿ ಪಿಸ್ಟನ್ ಗಾಳಿ ಒತ್ತಿ ಹೊಡೆಯುತ್ತದೆ, ನೀವು ಸುಮ್ನೆ ಹಿಡಿದುಕೊಂಡಿದ್ದರೆ ಸಾಕು. ನನ್ನ ಮಾಮೂಲಿ ಡ್ರಿಲ್ ಇನ್ನೂ ಬದುಕಿರುವುದು ಲಿಂಟಲ್ ಕೆಲಸ ಅದರಿಂದ ತಪ್ಪಿಸಿದ್ದಕ್ಕೇ.

ಬಿಸಿಯಾದ ಡ್ರಿಲ್ಲನ್ನು ಹಾಗೇ ಪೆಟ್ಟಿಗೆಗೆ ಹಾಕಬೇಡಿ, ಒಂದು ನಿಮಿಷ ಖಾಲಿ ಓಡಿಸಿ ಇಡಿ. ವೈರನ್ನು ಹಿಡಿಗೆ ಬಿಗಿಯಾಗಿ ಸುತ್ತಿದರೆ ಬುಡದಲ್ಲೇ ಒಳಗಿನ ತಂತಿ ತುಂಡಾಗುತ್ತದೆ.

ಬ್ಯಾಟರಿ ಡ್ರಿಲ್ ಸ್ಕ್ರೂ ಹಾಕಲಿಕ್ಕೆ ಬಹಳ ಚೆನ್ನಾಗಿದೆ. ಬ್ರಷ್‌ಲೆಸ್ ಆದರೆ ಕಾರ್ಬನ್ ಚಿಂತೆಯೇ ಇಲ್ಲ. ಆದರೆ ಅದರ ಸರ್ಕ್ಯೂಟ್ ಬೋರ್ಡ್ ಕೈಕೊಟ್ಟರೆ ನಮ್ಮೂರಿನ ವೈಂಡಿಂಗ್ ಅಂಗಡಿಯವರು ಏನೂ ಮಾಡಲಾರರು. ಗೋಡೆ ಕೆಲಸಕ್ಕೆ ನಾನು ಈಗಲೂ ನಂಬುವುದು ವೈರಿರುವ ಡ್ರಿಲ್ಲನ್ನೇ.