ತೆಗೆದ ಗಡ್ಡೆಯ ಅಂಚು, ಉಳಿದ ಕುಳಿಯ ಗೋಡೆ

ಸ್ತನವನ್ನು ಉಳಿಸಿಕೊಂಡು ಗಡ್ಡೆಯನ್ನಷ್ಟೇ ತೆಗೆಯುವ ಶಸ್ತ್ರಚಿಕಿತ್ಸೆ, ಅಂದರೆ ಲಂಪೆಕ್ಟಮಿ, ಮುಗಿದ ಮೇಲೆ ಆ ತುಂಡು ಫಾರ್ಮಾಲಿನ್ ತುಂಬಿದ ಡಬ್ಬಿಯಲ್ಲಿ ನಮ್ಮ ಪೆಥಾಲಜಿ ವಿಭಾಗಕ್ಕೆ ಬರುತ್ತದೆ. ಸರ್ಜನ್ ಅದರ ಮೇಲೆ ಎರಡು ಹೊಲಿಗೆ ಹಾಕಿ ಕಳಿಸಿರುತ್ತಾರೆ. ಸಾಮಾನ್ಯವಾಗಿ ಗಿಡ್ಡ ದಾರವಿದ್ದದ್ದು ಮೇಲ್ಭಾಗ, ಉದ್ದ ದಾರವಿದ್ದದ್ದು ಹೊರಪಕ್ಕ. ಆ ದಾರಗಳ ಆಧಾರದ ಮೇಲೆ ತುಂಡಿನ ಆರು ಮುಖಗಳನ್ನು ಗುರುತಿಸಿ, ಒಂದೊಂದಕ್ಕೂ ಬೇರೆ ಬಣ್ಣದ ಶಾಯಿ ಬಳಿದು, ಅದು ಒಣಗಿದ ಮೇಲೆ ಆ ತುಂಡನ್ನು ಹೋಳು ಮಾಡುತ್ತೇವೆ. ಆಯ್ದ ಹೋಳುಗಳು ಪ್ಯಾರಾಫಿನ್ ಮೇಣದಲ್ಲಿ ಕೂತು, ಕೆಲವೇ ಮೈಕ್ರಾನ್ ದಪ್ಪದ ಪದರಗಳಾಗಿ ಸ್ಲೈಡಿನ ಮೇಲೆ ಬಂದು, ಬಣ್ಣ ಹಚ್ಚಿಸಿಕೊಂಡು ಸೂಕ್ಷ್ಮದರ್ಶಕದ ಕೆಳಗೆ ತಲುಪುವಷ್ಟರಲ್ಲಿ ಕೆಲವು ದಿನಗಳು ಕಳೆದಿರುತ್ತವೆ. ಶಾಯಿಯ ಗೆರೆಯನ್ನು ಕ್ಯಾನ್ಸರ್ ಕೋಶ ಮುಟ್ಟಿದ್ದರೆ ‘ಮಾರ್ಜಿನ್ ಪಾಸಿಟಿವ್’ ಎಂದು ಬರೆಯಬೇಕು. ಲಂಪೆಕ್ಟಮಿಯ ನಂತರ ರೇಡಿಯೇಶನ್ ಪಡೆಯುವವರಲ್ಲಿ, ಹರಡುವ ಸ್ವಭಾವದ ಕ್ಯಾನ್ಸರಿಗೆ ಶಾಯಿಯ ಮೇಲೆ ಗಡ್ಡೆ ಇಲ್ಲದಿದ್ದರೆ ಸಾಕು ಎಂದು ಅಮೆರಿಕದ ಶಸ್ತ್ರಚಿಕಿತ್ಸಕರ ಮತ್ತು ವಿಕಿರಣ ತಜ್ಞರ ಸಂಘಗಳು 2014ರಲ್ಲಿ ಒಮ್ಮತಕ್ಕೆ ಬಂದವು, ನಾವೂ ಅದನ್ನೇ ಅನುಸರಿಸುತ್ತೇವೆ.

ಈ ಪದ್ಧತಿಯನ್ನು ದಿನವೂ ಮಾಡುವವಳಾಗಿ ಅದರ ಮಿತಿಯನ್ನು ಹೇಳಲು ನನಗೆ ಸಂಕೋಚವಿಲ್ಲ. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದಗುಳು ಹಿಚುಕಿದರೆ ಸಾಕು, ಆದರೆ ಅಂಚಿನ ವಿಷಯದಲ್ಲಿ ಆ ನ್ಯಾಯ ನಡೆಯುವುದಿಲ್ಲ. ಸ್ಲೈಡಿನ ಮೇಲೆ ನಾವು ನಿಜವಾಗಿ ನೋಡುವುದು ತುಂಡಿನ ಇಡೀ ಮೇಲ್ಮೈಯ ಅತಿ ಸಣ್ಣ ಪಾಲನ್ನು ಮಾತ್ರ. ಎರಡು ಹೋಳುಗಳ ನಡುವೆ ಕ್ಯಾನ್ಸರಿನ ಎಳೆಯೊಂದು ಅಂಚಿನವರೆಗೆ ಚಾಚಿದ್ದರೆ ಅದು ನಮ್ಮ ಕಣ್ಣಿಗೆ ಬೀಳದೆ ಹೋಗಬಹುದು. ಶಸ್ತ್ರಚಿಕಿತ್ಸೆ ನಡೆಯುತ್ತಿರುವಾಗಲೇ ತುಂಡನ್ನು ಹೆಪ್ಪುಗಟ್ಟಿಸಿ, ಕತ್ತರಿಸಿ ನೋಡಿ ಉತ್ತರ ಕೊಡುವ ಫ್ರೋಝನ್ ಸೆಕ್ಷನ್ ಇದೆಯಲ್ಲ ಎಂದು ಕೇಳಬಹುದು. ಇದೆ, ಹಲವೆಡೆ ಬಳಕೆಯಲ್ಲೂ ಇದೆ, ಆದರೆ ಸ್ತನದಲ್ಲಿ ಕೊಬ್ಬೇ ಹೆಚ್ಚು, ಮತ್ತು ಉಳಿದ ಅಂಗಾಂಶಗಳು ಗಟ್ಟಿಯಾಗುವ ಶೀತದಲ್ಲಿ ಕೊಬ್ಬು ಸರಿಯಾಗಿ ಗಟ್ಟಿಯಾಗದೆ ಬ್ಲೇಡಿಗೆ ಮೆತ್ತಿಕೊಂಡು ಹರಿಯುತ್ತದೆ. ಇಷ್ಟೆಲ್ಲ ಮಾಡಿದರೂ ನಾವು ಪರೀಕ್ಷಿಸುತ್ತಿರುವುದು ಹೊರಗೆ ಬಂದ ತುಂಡನ್ನು. ರೋಗಿಗೆ ಬೇಕಾದದ್ದು ಒಳಗೆ ಏನು ಉಳಿದಿದೆ ಎಂಬ ಪ್ರಶ್ನೆಗೆ ಉತ್ತರ, ಅದನ್ನು ನಾವು ತುಂಡಿನ ಅಂಚಿನಿಂದ ಊಹಿಸುತ್ತೇವೆ, ಅದೂ ಗಾಯ ಹೊಲಿದಾದ ಮೇಲೆ. ಊಹೆ ಕೆಟ್ಟ ಸುದ್ದಿಯ ಕಡೆಗಿದ್ದರೆ ಆಕೆ ಎರಡನೆಯ ಬಾರಿ ಆಪರೇಶನ್ ಟೇಬಲ್ ಹತ್ತಬೇಕು.

ಪ್ರತಿದೀಪ್ತಿ ಚಿತ್ರಣ, ಅಂದರೆ ಫ್ಲೋರೊಸೆನ್ಸ್ ಇಮೇಜಿಂಗ್, ನನ್ನ ಗಮನ ಸೆಳೆದದ್ದು ಈ ಕಾರಣಕ್ಕೆ: ಅದು ಗಡ್ಡೆ ತೆಗೆದ ಮೇಲೆ ಸ್ತನದಲ್ಲಿ ಉಳಿಯುವ ಕುಳಿಯ ಗೋಡೆಯನ್ನೇ ನೋಡುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಏಪ್ರಿಲ್‌ನಲ್ಲಿ ಪೆಗುಲಿಸಿಯಾನಿನ್ ಎಂಬ ಔಷಧಕ್ಕೆ ಒಪ್ಪಿಗೆ ಕೊಟ್ಟಿತು; ಲುಮಿಸೆಲ್ ಕಂಪನಿಯ ಈ ಔಷಧದ ಮಾರುಕಟ್ಟೆಯ ಹೆಸರು ಲುಮಿಸೈಟ್. ಚಿತ್ರಣಕ್ಕೆ 2ರಿಂದ 6 ಗಂಟೆ ಮೊದಲು, ದೇಹತೂಕದ ಪ್ರತಿ ಕಿಲೋಗ್ರಾಮಿಗೆ 1 ಮಿಲಿಗ್ರಾಮಿನಂತೆ ಇದನ್ನು ರಕ್ತನಾಳಕ್ಕೆ ಕೊಡುತ್ತಾರೆ. ಇದರ ಅಣುವಿನಲ್ಲಿ ಹೊಳೆಯುವ ಬಣ್ಣದ ಭಾಗವೊಂದು, ಅದರ ಹೊಳಪನ್ನು ಅಡಗಿಸುವ ಭಾಗ ಇನ್ನೊಂದು, ಇವೆರಡರ ನಡುವೆ ಸಣ್ಣ ಪೆಪ್ಟೈಡ್ ಸರಪಳಿ ಇವೆ. ಗಡ್ಡೆಯಲ್ಲೂ ಅದರ ಸುತ್ತಣ ಅಂಗಾಂಶದಲ್ಲೂ ಕ್ಯಾಥೆಪ್ಸಿನ್‌ನಂತಹ, ಪ್ರೋಟೀನನ್ನು ಕತ್ತರಿಸುವ ಕಿಣ್ವಗಳು ಹೆಚ್ಚಾಗಿರುತ್ತವೆ. ಅವು ಸರಪಳಿಯನ್ನು ತುಂಡರಿಸಿದಾಗ ಅಡಗಿಸುವ ಭಾಗ ದೂರವಾಗಿ ಹೊಳಪು ಹೊರಬರುತ್ತದೆ. ಸರ್ಜನ್ ಎಂದಿನಂತೆ ಗಡ್ಡೆ ತೆಗೆದ ಮೇಲೆ, ಕೈಯಲ್ಲಿ ಹಿಡಿಯುವ ಸಾಧನವೊಂದನ್ನು ಕುಳಿಯೊಳಗೆ ಇಳಿಸಿ ಗೋಡೆಗೆ ಒತ್ತಿ ಹಿಡಿಯುತ್ತಾರೆ. ಹೊಳೆಯುವ ಜಾಗ ಪರದೆಯ ಮೇಲೆ ಕಾಣುತ್ತದೆ, ಅಲ್ಲಿಂದ ಇನ್ನೊಂದು ತೆಳುವಾದ ಪದರವನ್ನು ತೆಗೆಯುತ್ತಾರೆ. ಬೆಳಗುವುದು ಕಿಣ್ವದ ಚಟುವಟಿಕೆಯೇ ಹೊರತು ಕ್ಯಾನ್ಸರ್ ಕೋಶವಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು, ಮುಂದಿನ ಅಂಕಿಗಳನ್ನು ಓದುವಾಗ ಅದು ಉಪಯೋಗಕ್ಕೆ ಬರುತ್ತದೆ.

ಅಮೆರಿಕದ 14 ಆಸ್ಪತ್ರೆಗಳಲ್ಲಿ ನಡೆದ ಇನ್‌ಸೈಟ್ ಎಂಬ ಅಧ್ಯಯನದ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಸಾಧನ ಬಳಸಿದ 357 ಮಹಿಳೆಯರಲ್ಲಿ 27 ಮಂದಿಗೆ, ಅಂದರೆ ಶೇಕಡ 7.6ರಷ್ಟು ಮಂದಿಗೆ, ಮಾಮೂಲಿ ಲಂಪೆಕ್ಟಮಿ ಮುಗಿದ ಮೇಲೂ ಉಳಿದಿದ್ದ ಕ್ಯಾನ್ಸರ್ ಈ ಬೆಳಕಿನ ಸಹಾಯದಿಂದ ಹೊರಬಂದಿತು. ಪೆಥಾಲಜಿಸ್ಟ್ ಆಗಿ ನಾನು ಮತ್ತೆ ಮತ್ತೆ ಓದಿದ್ದು ಅದರ ನಂತರದ ವಾಕ್ಯವನ್ನು. ಹೀಗೆ ಕ್ಯಾನ್ಸರ್ ಸಿಕ್ಕ ಕಡೆಗಳಲ್ಲಿ 22 ಕಡೆ, ತುಂಡಿನ ಅಂಚು ಶುದ್ಧವಾಗಿದೆ ಎಂದೇ ಮಾಮೂಲಿ ಪರೀಕ್ಷೆಯ ವರದಿ ಹೇಳಿತ್ತು. ತುಂಡನ್ನು ನೋಡಿ ಕುಳಿಯನ್ನು ಊಹಿಸುವುದರ ಕೊರತೆಯನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಅಂಕಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಹಾಗೆಂದು ಪತ್ರಿಕೆಗಳ ಉತ್ಸಾಹದ ತಲೆಬರಹಗಳಿಗೆ ಮರುಳಾಗಬೇಕಿಲ್ಲ. ಅದೇ ಅಧ್ಯಯನದಲ್ಲಿ ಮಾರ್ಜಿನ್ ಪಾಸಿಟಿವ್ ಆಗಿದ್ದವರು 62 ಮಂದಿ, ಅವರಲ್ಲಿ ಎರಡನೆಯ ಶಸ್ತ್ರಚಿಕಿತ್ಸೆ ತಪ್ಪಿದ್ದು 9 ಮಂದಿಗೆ. ಅಂಚುಗಳ ಲೆಕ್ಕದಲ್ಲಿ ಸಾಧನದ ಸಂವೇದನೆ ಶೇಕಡ 49.3, ಅಂದರೆ ಕ್ಯಾನ್ಸರ್ ಇದ್ದ ಜಾಗಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟನ್ನು ಅದು ಬೆಳಗಿಸಲಿಲ್ಲ. ಕ್ಯಾನ್ಸರ್ ಇಲ್ಲದ ಜಾಗವನ್ನು ಇಲ್ಲ ಎಂದು ಸರಿಯಾಗಿ ಹೇಳಿದ್ದು ಶೇಕಡ 85.2ರಷ್ಟು ಸಲ, ಉಳಿದ ಕಡೆಗಳಲ್ಲಿ ಸುಳ್ಳು ಹೊಳಪು ಕಂಡು, ತೆಗೆಯಬೇಕಿರದಿದ್ದ ಅಂಗಾಂಶವೂ ಹೋಗಿದೆ. ತೀವ್ರ ಅಲರ್ಜಿಯ ಅಪಾಯವಿರುವುದರಿಂದ ಔಷಧದ ಲೇಬಲ್ಲಿನ ಮೇಲೆ ಚೌಕಟ್ಟು ಹಾಕಿದ, ಅತಿ ಗಂಭೀರ ದರ್ಜೆಯ ಎಚ್ಚರಿಕೆಯನ್ನು ಕಡ್ಡಾಯ ಮಾಡಿದ್ದಾರೆ. (ಈ ಔಷಧದಿಂದ ಮೂತ್ರದ ಬಣ್ಣ ಬದಲಾಗುವುದು ನಿರಪಾಯಕಾರಿ, ಆದರೆ ಮೊದಲೇ ಹೇಳದಿದ್ದರೆ ರೋಗಿ ಗಾಬರಿಯಾಗುವುದು ಖಂಡಿತ.) ಹೊಳಪು ಕಂಡಿತೆಂದರೆ ಇಲ್ಲಿ ಇನ್ನೊಂದು ಪದರ ತೆಗೆಯಿರಿ ಎಂಬ ಸಲಹೆ ಸಿಕ್ಕಿತು ಎಂದಷ್ಟೇ ಅರ್ಥ. ಹೊಳಪು ಕಾಣದಿದ್ದರೆ ಕ್ಯಾನ್ಸರ್ ಇಲ್ಲ ಎಂದು ಯಾರೂ ರೋಗಿಗೆ ಮಾತು ಕೊಡಬಾರದು.

ಮೆದುಳಿನ ವಿಷಯ ಬೇರೆಯೇ, ಮತ್ತು ಈ ವಿದ್ಯೆ ಹೆಚ್ಚು ಬೇರೂರಿದ್ದೂ ಅಲ್ಲಿಯೇ. ಅಮೆರಿಕದ ಮಿನೆಸೊಟದ ಸರ್ಜನ್ ಜಾರ್ಜ್ ಮೂರ್ 1940ರ ದಶಕದಲ್ಲೇ ಫ್ಲೋರೊಸೀನ್ ಎಂಬ ಹೊಳೆಯುವ ಬಣ್ಣ ಕೊಟ್ಟು ಮೆದುಳಿನ ಗಡ್ಡೆಗಳನ್ನು ಗುರುತಿಸಲು ಯತ್ನಿಸಿದ್ದರು. ಈಗ ಹೆಸರುವಾಸಿಯಾಗಿರುವುದು 5-ಎಎಲ್‌ಎ. ಅರಿವಳಿಕೆಗೆ ಸುಮಾರು 3 ಗಂಟೆ ಮೊದಲು ಕುಡಿಸುವ ಈ ದ್ರಾವಣವನ್ನು ಗ್ಲಯೋಮಾ ಎಂಬ ಮೆದುಳಿನ ಗಡ್ಡೆಯ ಕೋಶಗಳು ಪ್ರೋಟೊಪಾರ್ಫೈರಿನ್ ಎಂಬ ವಸ್ತುವಾಗಿ ಬದಲಿಸಿ ಕೂಡಿಟ್ಟುಕೊಳ್ಳುತ್ತವೆ, ನೀಲಿ ಬೆಳಕು ಬಿಟ್ಟರೆ ಅವು ಕೆಂಪಾಗಿ ಹೊಳೆಯುತ್ತವೆ. ಜರ್ಮನಿಯ ವಾಲ್ಟರ್ ಸ್ಟುಮ್ಮರ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸ್ಕ್ಯಾನಿನಲ್ಲಿ ಕಾಣುವ ಗಡ್ಡೆಯನ್ನು ಪೂರ್ತಿ ತೆಗೆಯಲು ಸಾಧ್ಯವಾದದ್ದು ಬರೀ ಬಿಳಿ ಬೆಳಕಿನಲ್ಲಿ ಶೇಕಡ 36 ಮಂದಿಯಲ್ಲಾದರೆ ಈ ವಿಧಾನದಲ್ಲಿ ಶೇಕಡ 65 ಮಂದಿಯಲ್ಲಿ. ಆರು ತಿಂಗಳವರೆಗೆ ಕಾಯಿಲೆ ಮುಂದುವರಿಯದೆ ಇದ್ದವರ ಪ್ರಮಾಣ ಶೇಕಡ 21ರಿಂದ 41ಕ್ಕೆ ಏರಿತು. ಒಟ್ಟು ಬದುಕಿದ ಅವಧಿಯಲ್ಲಿ ಮಾತ್ರ ಖಚಿತವಾದ ವ್ಯತ್ಯಾಸ ಕಾಣಲಿಲ್ಲ. ಮೆದುಳಿನಲ್ಲಿ ಸುತ್ತಲೂ ಒಂದಿಷ್ಟು ಹೆಚ್ಚಾಗಿ ತೆಗೆಯೋಣ ಎನ್ನುವ ಅವಕಾಶವೇ ಇಲ್ಲ, ಮಾತು ಅಥವಾ ಕೈಕಾಲಿನ ಶಕ್ತಿ ಹೋದೀತು. ಅಲ್ಲಿ ಇಂಥ ಬೆಳಕಿಗೆ ಬದಲಿ ಸಿಗುವುದು ಕಷ್ಟ.

ಸ್ತನದಲ್ಲಿ ಬದಲಿ ಇದೆ. ಯೇಲ್ ವಿಶ್ವವಿದ್ಯಾಲಯದವರು 2015ರಲ್ಲಿ 235 ರೋಗಿಗಳ ಅಧ್ಯಯನವೊಂದನ್ನು ಪ್ರಕಟಿಸಿದರು. ಔಷಧವಿಲ್ಲ, ಕ್ಯಾಮೆರಾ ಇಲ್ಲ. ಗಡ್ಡೆ ತೆಗೆದ ಮೇಲೆ ಕುಳಿಯ ಗೋಡೆಯಿಂದ ಸುತ್ತಲೂ ತೆಳುವಾದ ಪದರವನ್ನು ಕೆರೆದು ತೆಗೆದದ್ದಷ್ಟೇ, ಇದಕ್ಕೆ ಕ್ಯಾವಿಟಿ ಶೇವ್ ಎನ್ನುತ್ತಾರೆ. ಪಾಸಿಟಿವ್ ಮಾರ್ಜಿನ್ ಶೇಕಡ 34ರಿಂದ 19ಕ್ಕೆ, ಎರಡನೆಯ ಶಸ್ತ್ರಚಿಕಿತ್ಸೆ ಶೇಕಡ 21ರಿಂದ 10ಕ್ಕೆ ಇಳಿಯಿತು. ಸ್ತನದ ಇವೆರಡು ಅಧ್ಯಯನಗಳ, ಅಂದರೆ ಇನ್‌ಸೈಟ್ ಮತ್ತು ಯೇಲ್‌ನವರ, ರೋಗಿಗಳೂ ವಿಧಾನಗಳೂ ಬೇರೆಯಾದ್ದರಿಂದ ಅಂಕಿಗಳನ್ನು ಎದುರುಬದುರು ಇಟ್ಟು ತೂಗುವುದು ಸರಿಯಲ್ಲ. ಆದರೂ ನಮ್ಮ ಜಿಲ್ಲಾ ಮಟ್ಟದ ಆಸ್ಪತ್ರೆಯೊಂದು ಯಾವುದರಿಂದ ಆರಂಭಿಸಬೇಕು ಎಂದು ಯಾರಾದರೂ ಕೇಳಿದರೆ, ದುಬಾರಿ ಸಾಧನಕ್ಕೆ ಕಾಯದೆ ಶೇವ್‌ನಿಂದ ಆರಂಭಿಸಿ ಎನ್ನುತ್ತೇನೆ. ಅದೂ ಕುಳಿಯ ಗೋಡೆಯನ್ನೇ ಪರೀಕ್ಷೆಗೆ ತರುತ್ತದೆ, ಉತ್ತರ ತಡವಾದರೂ ಅನುಮಾನದ ಪದರ ಅಷ್ಟರಲ್ಲಿ ದೇಹದಿಂದ ಹೊರಗಿರುತ್ತದೆ.

ಅದರ ಹೊರೆ ಬೀಳುವುದು ನಮ್ಮ ವಿಭಾಗದ ಮೇಲೆ. ಒಂದು ಡಬ್ಬಿ ಬರುತ್ತಿದ್ದ ಕಡೆ ಏಳು ಬರಬಹುದು. ಪ್ರತಿ ಡಬ್ಬಿಯ ಮೇಲೂ ಅದು ಯಾವ ಕಡೆಯ ಪದರ ಎಂಬುದನ್ನು ಬರೆದಿರಬೇಕು; ಪದರದ ಎರಡು ಮೈಗಳಲ್ಲಿ ಹೊಸ ಅಂಚು ಯಾವುದೆಂದು ಸರ್ಜನ್ ಹೊಲಿಗೆಯಿಂದ ಗುರುತು ಮಾಡಿರಬೇಕು. ಆ ಗುರುತಿಲ್ಲದೆ ಬಂದ ಪದರದಲ್ಲಿ ಕ್ಯಾನ್ಸರ್ ಇದೆಯೇ ಇಲ್ಲವೇ ಎಂದು ನಾನು ಹೇಳಬಲ್ಲೆ, ಹೊಸ ಅಂಚನ್ನು ಮುಟ್ಟಿದೆಯೇ ಎಂದು ಹೇಳಲಾರೆ.