ಅಳಿವೆಯಿಂದ ಅಳಿವೆಗೆ: ಕಾಸರಗೋಡಿನ ಹಳೇ ಬಂದರುಗಳ ದಾರಿಯಲ್ಲಿ

ಕಾಸರಗೋಡಿಗೆ ಬರುವವರು ಹೆಚ್ಚಾಗಿ ಬೇಕಲ ಕೋಟೆ ನೋಡಿ, ಫೋಟೋ ತೆಗೆದು, ವಾಪಸ್ ರೈಲು ಹತ್ತುತ್ತಾರೆ. ಕೋಟೆ ಚೆಂದವೇ. ಆದರೆ ಆ ಕೋಟೆ ಯಾಕೆ ಅಲ್ಲಿದೆ ಅಂತ ತಿಳಿಯಬೇಕಾದರೆ ಮೊದಲು ಅಳಿವೆಗಳನ್ನು ನೋಡಬೇಕು. ಹೊಳೆ ಕಡಲು ಸೇರುವ ಜಾಗಗಳನ್ನು. ಈ ಊರುಗಳ ಅಕ್ಕಿ ಹೊರಗೆ ಹೋದದ್ದು, ಹೊರಗಿನವರು ಒಳಗೆ ಬಂದದ್ದು ಎಲ್ಲ ಆ ಬಾಗಿಲುಗಳಿಂದಲೇ. ಹಾಗಾಗಿ ನಾನೂ ಬದಿಯಡ್ಕದ ಭಾವನೂ ಬಡಗಿನಿಂದ ಹೊರಟು ತೆಂಕಿಗೆ ಇಳಿದೆವು.

ಮೊದಲು ಕುಂಬಳೆ. ಈಗ ಹೆದ್ದಾರಿಯಲ್ಲಿ ಹೋಗುವವರಿಗೆ ಅದೊಂದು ಪೇಟೆ, ಅಷ್ಟೇ. 1514ರ ಸುಮಾರಿಗೆ ಇಲ್ಲಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ದುಆರ್ತೆ ಬಾರ್ಬೋಸ ಬೇರೆಯೇ ಕುಂಬಳೆಯನ್ನು ಕಂಡಿದ್ದ. ಇಲ್ಲಿಂದ ಮಾಲ್ದೀವಿಗೆ ಅಕ್ಕಿ ಹೋಗುತ್ತದೆ, ಅಲ್ಲಿಂದ ತೆಂಗಿನ ನಾರು ಬರುತ್ತದೆ ಎಂದು ಬರೆದಿಟ್ಟಿದ್ದಾನೆ. ಆ ದ್ವೀಪಗಳಲ್ಲಿ ಅಕ್ಕಿ ಬೆಳೆಯುವುದಿಲ್ಲ. ಇಲ್ಲಿಯವರಿಗೆ ನಾರು ಬೇಕು. ಆಗ ಅರಬ್ಬಿ ಕಡಲಿನ ಎಷ್ಟೋ ಹಡಗುಗಳ ಹಲಗೆಗಳನ್ನು ಮೊಳೆ ಹೊಡೆಯದೆ ನಾರಿನ ಹಗ್ಗದಲ್ಲೇ ಹೊಲಿದು ಕಟ್ಟುತ್ತಿದ್ದರು. ಗದ್ದೆಯ ಅಕ್ಕಿ ಹೋಗಿ ಹಡಗಿನ ಹೊಲಿಗೆಯಾಗಿ ತಿರುಗಿ ಬರುತ್ತಿತ್ತು ಅಲ್ವಾ!

ಈ ಅಕ್ಕಿ–ನಾರಿನ ಲೆಕ್ಕ ಬಾರ್ಬೋಸನ ಕಾಲಕ್ಕೇ ಮುಗಿಯಲಿಲ್ಲ. ಲಕ್ಷದ್ವೀಪದ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರ ದ್ವೀಪಗಳು ನಮ್ಮ ಕಾಸರಗೋಡಿನ ಹಾಗೆಯೇ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ದ್ವೀಪದವರ ನಾರನ್ನು ಸರಕಾರವೇ ತೆಗೆದುಕೊಂಡು ಬದಲಿಗೆ ಅಕ್ಕಿ ಕೊಡುತ್ತಿತ್ತು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಹೋಯಿತು. ಅದೇ ದಿನ ಆ ದ್ವೀಪಗಳು ಕೇಂದ್ರಾಡಳಿತಕ್ಕೆ ಹೋದವು. ಭೂಪಟದ ಗೆರೆಯ ಬಗ್ಗೆ ನಾವು ಎಷ್ಟೋ ಮಾತಾಡಿದ್ದೇವೆ. ಕಡಲಿನ ಕಡೆಯೂ ಅವತ್ತು ಒಂದು ನಂಟು ಕಡಿಯಿತು ಎನ್ನುವುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಅದು ನನಗೆ ನಿಜಕ್ಕೂ ಬೇಸರದ ವಿಷಯ.

ಚಿಕ್ಕ ಬಂದರುಗಳು ಅದಕ್ಕೂ ಮೊದಲೇ ಸೊರಗಿದ್ದವು. 1907ರಲ್ಲಿ ರೈಲು ಮಂಗಳೂರಿಗೆ ಮುಟ್ಟಿತು. ಆಮೇಲೆ ಹಾಯಿಹಡಗಿಗೆ ಕಾಯುವ ಕೆಲಸ ಎಷ್ಟು ಜನಕ್ಕೆ ಬೇಕಿತ್ತು?

ಕಾಸರಗೋಡು ಪೇಟೆ ದಾಟಿ ಕಸಬಾ ಕಡಪ್ಪುರಕ್ಕೆ ಬಂದಾಗ ಬೆಳಗಿನ ದೋಣಿಗಳು ದಡ ಸೇರುತ್ತಿದ್ದವು. ಹೆಚ್ಚಿನವು ಹೊರಗೆ ಎಂಜಿನ್ ಕಟ್ಟಿದ ಫೈಬರ್ ದೋಣಿಗಳು. ಮೀನು ಇಳಿಯುವ ಮೊದಲೇ ಏಲಂ ಶುರು. ಬೂತಾಯಿ, ಬಂಗುಡೆ ಬುಟ್ಟಿಯಲ್ಲಿ ರಾಶಿ. ಏಲಂ ಕೂಗುವವರದು ಮಲಯಾಳ, ಕೊಳ್ಳುವ ಅಕ್ಕಂದಿರ ಚರ್ಚೆ ತುಳುವಿನಲ್ಲಿ, ಲಾರಿಯವರು ಇನ್ನೇನೋ. ಯಾರಿಗೂ ಅರ್ಥವಾಗದೆ ಹೋಗುವುದಿಲ್ಲ. ಒಬ್ಬಕ್ಕ ಬಂಗುಡೆಯ ಕಿವಿರು ಎತ್ತಿ ನೋಡಿ, ಕೆಂಪು ಸಾಲದು ಅಂತ ಹಾಗೇ ಬಿಟ್ಟು ಮುಂದಿನ ಬುಟ್ಟಿಗೆ ಹೋದರು. ದರ ತಾನಾಗಿ ಇಳಿಯಿತು.

ತೆಂಗಿನ ಮರದ ಬುಡದಲ್ಲಿ ಮೊಗವೀರ ಅಜ್ಜರೊಬ್ಬರು ಬಲೆ ಸರಿ ಮಾಡುತ್ತಿದ್ದರು. ಹರಿದ ಕಡೆ ಮೊದಲು ಕತ್ತಿಯಿಂದ ಇನ್ನಷ್ಟು ಕೊಯ್ದು ಅಂಚನ್ನು ಚೊಕ್ಕ ಮಾಡಿಕೊಂಡರು. ಆಮೇಲೆ ದಾರ ಸುತ್ತಿದ ಚಪ್ಪಟೆ ಸೂಜಿಯಿಂದ ಒಂದೊಂದೇ ಕಣ್ಣು ಕಟ್ಟತೊಡಗಿದರು. ಎಡಗೈಯಲ್ಲಿ ಬಿದಿರಿನ ಒಂದು ಸೀಳು. ದಾರವನ್ನು ಅದಕ್ಕೆ ಸುತ್ತಿ ಗಂಟು ಬಿಗಿದರೆ ಎಲ್ಲ ಕಣ್ಣೂ ಒಂದೇ ಅಳತೆ. ಬಂಗುಡೆಗೆ ಒಂದು ಸೀಳು, ಸಣ್ಣ ಮೀನಿಗೆ ಇನ್ನೊಂದು. ಕನ್ನಡ ಶಾಲೆಯಲ್ಲಿ ಓದಿದವರಂತೆ. ನಮ್ಮೊಡನೆ ಕನ್ನಡದಲ್ಲೇ ಮಾತಾಡಿದರು.

"ಕಡಲಿನಲ್ಲಿ ಹೆದರಿಕೆ ಇಲ್ವಾ ಅಜ್ಜಾ?" ಭಾವ ಕೇಳಿದ.

"ಕಡಲಿನಲ್ಲಿ ಎಂತ ಹೆದರಿಕೆ ಮಾರಾಯ್ರೆ? ಹೆದರಬೇಕಾದ್ದು ಅಳಿವೆಗೆ."

ಅವರು ಬಿಡಿಸಿ ಹೇಳಿದರು. ಮಳೆಗಾಲದಲ್ಲಿ ಹೊಳೆ ತುಂಬಿ ಮರಳನ್ನು ಹೊರಗೆ ತಳ್ಳುತ್ತದೆ. ಮಳೆ ನಿಂತ ಮೇಲೆ ಹೊಳೆಯ ಬಲ ಕಡಿಮೆ. ಆಗ ಅಲೆಗಳು ಅದೇ ಮರಳನ್ನು ತಿರುಗಿ ತಂದು ಬಾಗಿಲಿಗೆ ಅಡ್ಡ ಹಾಕುತ್ತವೆ. ನೀರು ಇಳಿಯುವ ಹೊತ್ತಿನಲ್ಲಿ ಹೊಳೆ ಹೊರಗೆ ಎಳೆಯುತ್ತದೆ, ಅಲೆ ಒಳಗೆ ನುಗ್ಗುತ್ತದೆ, ನಡುವೆ ಆ ದಿಬ್ಬ. ದೋಣಿ ಮಗುಚುವುದು ಅಲ್ಲೇ. ಮೀನು ತುಂಬಿಕೊಂಡು ಬಂದವರು ಮನೆ ಕಣ್ಣಿಗೆ ಕಾಣುತ್ತಿದ್ದರೂ ಭರತ ಏರುವವರೆಗೆ ಹೊರಗೆ ಕಾಯಬೇಕು. ಕಲ್ಲಿನ ತಡೆಗೋಡೆ ಕಟ್ಟುವುದು, ಹೂಳು ಎತ್ತುವುದು ಇದಕ್ಕೇ. ಬಂದರು ಎಂದರೆ ದೊಡ್ಡ ಕಟ್ಟಡ ಅಂತ ತಿಳಿಯುವವರು ಒಮ್ಮೆ ಈ ಅಜ್ಜರ ಪಕ್ಕ ಕೂರಬೇಕು.

ತಳಂಗರೆ ಹತ್ತಿರವೇ. ಮಾಲಿಕ್ ದೀನಾರ್ ಮಸೀದಿ ಇಲ್ಲಿದೆ. ಅರಬ್ಬಿನಾಡಿನಿಂದ ಬಂದವರು ಹಿಜರಿ 22ರಲ್ಲಿ ಇದನ್ನು ಸ್ಥಾಪಿಸಿದರೆಂಬುದು ಇಲ್ಲಿಯ ನಂಬಿಕೆ. ವ್ಯಾಪಾರ ಇದ್ದಲ್ಲಿಗೆ ಧರ್ಮವೂ ಹಡಗು ಹತ್ತಿ ಬಂತು. ತಳಂಗರೆಯ ಕೈಹೊಲಿಗೆಯ ಬಿಳಿ ಟೋಪಿ ಒಂದು ಕಾಲಕ್ಕೆ ಗಲ್ಫಿಗೂ ಆಫ್ರಿಕಾಕ್ಕೂ ಹೋಗುತ್ತಿತ್ತು. ಈಗ ಹೊಲಿಯುವ ಕೈಗಳು ಕಡಿಮೆ. ಆ ಕೆಲಸ ಉಳಿಯಬೇಕು.

ಹೊಳೆ ದಾಟಿ ಚಂದ್ರಗಿರಿ ಕೋಟೆ ಹತ್ತಿದರೆ ಎಲ್ಲವೂ ಒಂದೇ ನೋಟಕ್ಕೆ ಸಿಗುತ್ತದೆ. ಕೊಡಗಿನ ಬೆಟ್ಟದಿಂದ ಪಯಸ್ವಿನಿಯಾಗಿ ಹರಿದು ಬಂದ ಹೊಳೆ, ರೈಲು ಸೇತುವೆ, ಕಡಲು. ಈ ಹೊಳೆಯೇ ತುಳುನಾಡಿಗೂ ಮಲಯಾಳಕ್ಕೂ ಹಿಂದಿನಿಂದ ಗಡಿ. 17ನೇ ಶತಮಾನದಲ್ಲಿ ಕೋಟೆ ಕಟ್ಟಿಸಿದವನು ಕೆಳದಿಯ ಶಿವಪ್ಪ ನಾಯಕ. ಗೋವೆಯ ಪೋರ್ಚುಗೀಸರಿಗೂ ಕೆನರಾದ ಅಕ್ಕಿಯೇ ಬೇಕಿದ್ದ ಕಾಲ ಅದು. ಹೊಳೆಬಾಯಿಯ ಮೇಲೆ ಕಣ್ಣಿಟ್ಟವನ ಕೈಯಲ್ಲಿ ಅಕ್ಕಿಯ ವ್ಯಾಪಾರ.

ಬೇಕಲಕ್ಕೆ ತಲುಪಿದಾಗ ಬಿಸಿಲು ಇಳಿದಿತ್ತು. ಇದೂ ಶಿವಪ್ಪ ನಾಯಕನ ಕೋಟೆ, ಸುಮಾರು 40 ಎಕರೆ. ಒಳಗೆ ಅರಮನೆ ಇಲ್ಲ. ಇದು ಪೂರ್ತಿ ಕಾವಲಿನ ಕೋಟೆ. ಕಡಲ ಬದಿಯ ಗೋಡೆಯ ರಂಧ್ರಗಳಲ್ಲಿ ಇಣುಕಿ ನೋಡಿ. ಮೇಲಿನದರಿಂದ ದೂರದ ನೀರು ಕಾಣುತ್ತದೆ, ಅದರ ಕೆಳಗಿನದರಿಂದ ಹತ್ತಿರದ ನೀರು, ತೀರಾ ಕೆಳಗಿನದರಿಂದ ಗೋಡೆಯ ಬುಡ. ಹಡಗು ಎಲ್ಲಿಗೆ ಬಂದರೂ ಒಂದು ರಂಧ್ರದ ಗುರಿಯಲ್ಲಿ ಇರುತ್ತಿತ್ತು. ಬಾಗಿಲ ಬಳಿ ಮುಖ್ಯಪ್ರಾಣನ ಗುಡಿ. ಕೋಟೆ ಕಾಯಲು ಕೆಳದಿಯವರು ತಂದು ನಿಲ್ಲಿಸಿದ ರಾಮಕ್ಷತ್ರಿಯರ ಮನೆತನಗಳು ಬೇಕಲ, ಹೊಸದುರ್ಗದ ಕಡೆ ಈಗಲೂ ಇವೆ. ಅವರ ಮನೆಮಾತು ಕನ್ನಡ.

ಹೋಗುವವರಿಗೆ ಒಂದು ಮಾತು. ಜೂನ್ 9ರ ನಡುರಾತ್ರಿಯಿಂದ ಜುಲೈ ಕೊನೆಯವರೆಗೆ, 52 ದಿನ, ಕೇರಳದಲ್ಲಿ ಟ್ರಾಲ್ ಬೋಟುಗಳಿಗೆ ನಿಷೇಧ. ಸಾಂಪ್ರದಾಯಿಕ ದೋಣಿಗಳಿಗೆ ಅದಿಲ್ಲ. ಆದರೂ ಮಳೆ ಮುಗಿದ ಮೇಲೆಯೇ ಹೋಗಿ. ಬೆಳಗಾಗುತ್ತಲೇ ಕಸಬಾದಲ್ಲಿರಿ, ಬೇಕಲವನ್ನು ಸಂಜೆಗಿಡಿ. ಏಲಂ ನಡೆಯುವಾಗ ಬುಟ್ಟಿಗೆ ಅಡ್ಡ ನಿಂತು ಫೋಟೋ ತೆಗೆಯಬೇಡಿ, ಅಲ್ಲಿ ಒಂದೊಂದು ನಿಮಿಷಕ್ಕೂ ಮೀನಿನ ದರ ಇಳಿಯುತ್ತಿರುತ್ತದೆ.