ಸಂಬಳದಲ್ಲಿ ಅಷ್ಟೊಂದು ಬೋನಸ್ಸೇ ಇದ್ದರೆ ಮನೆ ಲೆಕ್ಕ ಹಾಕೋದು ಹೇಗೆ?

ಕನ್ಸಲ್ಟಿಂಗ್ ಕೆಲಸಕ್ಕೆ ಹೊಸದಾಗಿ ಸೇರಿದವರು ನನ್ನನ್ನು ಕೇಳುವುದು ಹೆಚ್ಚುಕಮ್ಮಿ ಇದೊಂದೇ ಪ್ರಶ್ನೆ. "ಸಿಟಿಸಿ, ಅಂದರೆ ವರ್ಷಕ್ಕೆ ಎಲ್ಲ ಸೇರಿದ ಪ್ಯಾಕೇಜ್, ನಲವತ್ತು ಲಕ್ಷ ಅಂತಾರೆ. ಅದರಲ್ಲಿ ಹನ್ನೆರಡು ಲಕ್ಷ ವೇರಿಯಬಲ್, ಅಂದರೆ ಬೋನಸ್. ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಖರ್ಚು ಯಾವ ಲೆಕ್ಕದಲ್ಲಿ ಮಾಡಲಿ?"

"ಫಿಕ್ಸೆಡ್ ಸಂಬಳದಲ್ಲೇ ಬದುಕು, ಬೋನಸ್ ಪೂರ್ತಿ ಉಳಿಸು" ಎನ್ನುವ ಬುದ್ಧಿಮಾತು ಎಲ್ಲ ಕಡೆ ಸಿಗುತ್ತದೆ. ಮದುವೆಗೆ ಮುಂಚೆ ಅದು ಸರಿ. ಬೆಂಗಳೂರಿನ ಬಾಡಿಗೆ, ಮಕ್ಕಳ ಶಾಲೆ, ಊರಲ್ಲಿರುವ ಅಪ್ಪ-ಅಮ್ಮನ ಔಷಧಿ ಎಲ್ಲ ಸೇರಿದ ಮೇಲೆ ಆ ಶಿಸ್ತು ಎರಡು ತಿಂಗಳು ನಡೆದರೆ ಹೆಚ್ಚು. ಆಮೇಲೆ ಕ್ರೆಡಿಟ್ ಕಾರ್ಡ್ ಹೊರಗೆ ಬರುತ್ತದೆ. ಅದಕ್ಕೇ ನಾನು ಹೇಳುವುದು ಬೇರೆ: ಬೋನಸ್ ಖರ್ಚು ಮಾಡಿ, ಆದರೆ ಈಗಾಗಲೇ ಅಕೌಂಟಿಗೆ ಬಿದ್ದಿರುವುದನ್ನು ಮಾತ್ರ. ಮುಂದೆ ಬರಬೇಕಾದ್ದನ್ನು ಲೆಕ್ಕಕ್ಕೆ ಹಿಡಿಯುವುದು ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದ ಹಾಗೆ.

ಒಂದು ಲೆಕ್ಕ ನೋಡೋಣ. ಹನ್ನೆರಡು ಲಕ್ಷದಲ್ಲಿ 75 ಪರ್ಸೆಂಟ್ ಕೊಟ್ಟರು ಅಂದುಕೊಳ್ಳಿ, 9 ಲಕ್ಷ. ಬೋನಸ್‌ಗೆ ಬೇರೆ ತೆರಿಗೆ ದರ ಇಲ್ಲ, ಅದೂ ಸಂಬಳವೇ. ಆದರೆ ಅದು ಸಂಬಳದ ಮೇಲೆ ಬಂದು ಕೂರುತ್ತದೆ. ಆದಾಯ ತೆರಿಗೆಯ ಹೊಸ ಪದ್ಧತಿಯಲ್ಲಿ 2025-26ರಿಂದ 24 ಲಕ್ಷ ದಾಟಿದ ಆದಾಯಕ್ಕೆ 30 ಪರ್ಸೆಂಟ್. ಫಿಕ್ಸೆಡ್ 28 ಲಕ್ಷ ಇರುವವರ ಬೋನಸ್ ಪೂರ್ತಿ ಅಲ್ಲೇ ಬೀಳುತ್ತದೆ. ತೆರಿಗೆಯ ಮೇಲಿನ ಸೆಸ್ ಸೇರಿ 31.2 ಪರ್ಸೆಂಟ್, ಅಂದರೆ 2,80,800 ರೂಪಾಯಿ ಹೋಯಿತು. ಕೈಗೆ ಬಂದದ್ದು 6,19,200. ನೆಂಟರ ಕಿವಿಗೆ ಬಿದ್ದ ಹನ್ನೆರಡು ಲಕ್ಷ ಕೊನೆಗೆ ಇಷ್ಟು!

ಕೆಲವು ಕಂಪನಿಗಳು ಈ ತೆರಿಗೆಯನ್ನು ಬೋನಸ್ ತಿಂಗಳಲ್ಲೇ ಮುರಿದುಕೊಳ್ಳುತ್ತವೆ. ಕೆಲವು ಉಳಿದ ತಿಂಗಳುಗಳಿಗೆ ಹಂಚುತ್ತವೆ. ಹಂಚಿದರೆ ಖುಷಿಪಡಬೇಡಿ. ಮುಂದಿನ ಪ್ರತಿ ತಿಂಗಳ ಸಂಬಳ ಅಷ್ಟು ಕಮ್ಮಿಯಾಗುತ್ತದೆ. ಪೇಸ್ಲಿಪ್‌ನಲ್ಲಿ ಟಿಡಿಎಸ್ (ಸಂಬಳದಿಂದ ಮುರಿದ ತೆರಿಗೆ) ಸಾಲು ನೋಡಿ, ಅಷ್ಟು ದುಡ್ಡು ಎತ್ತಿಡಿ.

ಈ ಆರು ಲಕ್ಷ ಚಿಲ್ಲರೆಯನ್ನು ಸಂಬಳದ ಅಕೌಂಟಿನಲ್ಲಿ ಬಿಡಬೇಡಿ. ಬೇರೆ ಬ್ಯಾಂಕಿನ ಸ್ವೀಪ್ ಎಫ್‌ಡಿಗೋ (ಬೇಕಾದಾಗ ಬೇಕಾದಷ್ಟು ಮುರಿಯಬಹುದಾದ ಠೇವಣಿ) ಲಿಕ್ವಿಡ್ ಫಂಡ್‌ಗೋ (ದುಡ್ಡು ಬೇಗ ವಾಪಸ್ ಸಿಗುವ ಮ್ಯೂಚುವಲ್ ಫಂಡ್) ಹಾಕಿ. ಮೊದಲು ನಿವೃತ್ತಿಯ ಪಾಲು ತೆಗೆಯಿರಿ. ಯಾಕೆಂದರೆ ಪಿಎಫ್ ಸಾಮಾನ್ಯವಾಗಿ ಕಟ್ ಆಗುವುದು ಬೇಸಿಕ್ ಸಂಬಳದ ಮೇಲೆ, ಬೋನಸ್ ಮೇಲೆ ಅಲ್ಲ. ಅಷ್ಟೇ ಸಿಟಿಸಿ ಇದ್ದು, ಪೂರ್ತಿ ಫಿಕ್ಸೆಡ್ ಪಡೆಯುವ ನಿಮ್ಮ ಗೆಳೆಯನ ಬೇಸಿಕ್ ಸಾಮಾನ್ಯವಾಗಿ ಜಾಸ್ತಿ ಇರುತ್ತದೆ, ಅವನಿಗೆ ಗೊತ್ತಿಲ್ಲದೇ ಪಿಎಫ್ ಬೆಳೆಯುತ್ತಿರುತ್ತದೆ. ನಿಮಗೆ ಆ ಭಾಗ್ಯ ಇಲ್ಲ. ಆಮೇಲೆ ವರ್ಷಕ್ಕೊಮ್ಮೆ ಬರುವ ದೊಡ್ಡ ಖರ್ಚುಗಳು: ಶಾಲೆ ಫೀಸು, ಹೆಲ್ತ್ ಇನ್ಶೂರೆನ್ಸ್, ಕಾರಿನ ಇನ್ಶೂರೆನ್ಸ್. ಉಳಿದದ್ದನ್ನು ಹನ್ನೆರಡರಿಂದ ಭಾಗಿಸಿ, ಪ್ರತಿ ತಿಂಗಳು ಒಂದನೇ ತಾರೀಖು ಮನೆ ಖರ್ಚಿನ ಅಕೌಂಟಿಗೆ ತಾನಾಗೇ ಬರುವ ಹಾಗೆ ಮಾಡಿ. ಮುಂದಿನ ಬೋನಸ್ ಅರ್ಧಕ್ಕೆ ಇಳಿದರೂ ಅವತ್ತೇ ಏಟು ಬೀಳುವುದಿಲ್ಲ. ಸರಿಹೋಗಲು ಒಂದು ವರ್ಷ ಸಿಗುತ್ತದೆ. ಮೊದಲ ವರ್ಷ ಮಾತ್ರ ಬಿಗಿ, ಅದಕ್ಕೆ ಉಪಾಯ ಇಲ್ಲ.

ಗೃಹಸಾಲದ ಇಎಂಐಗೆ ಈ ನಿಯಮ ಅನ್ವಯಿಸಲ್ಲ. ಅದು ಇಪ್ಪತ್ತು ವರ್ಷದ ಮಾತು, ಫಿಕ್ಸೆಡ್ ಸಂಬಳದಲ್ಲೇ ನಡೆಯಬೇಕು. ಫ್ಲ್ಯಾಟ್ ಮಾರುವವರು ಸಿಟಿಸಿ ಹಿಡಿದೇ ಲೆಕ್ಕ ಹಾಕಿಕೊಡುತ್ತಾರೆ, ಸುಮ್ನೆ ನಕ್ಕು ಬನ್ನಿ. ಒಳ್ಳೆ ಬೋನಸ್ ಬಂದ ವರ್ಷ ಅಸಲಿಗೆ ಕಟ್ಟಿ. ಫ್ಲೋಟಿಂಗ್ ದರದ (ಬಡ್ಡಿ ಏರಿಳಿಯುವ) ಗೃಹಸಾಲವನ್ನು ಅವಧಿಗೆ ಮುಂಚೆ ತೀರಿಸಿದರೆ ಬ್ಯಾಂಕ್ ದಂಡ ಹಾಕುವಂತಿಲ್ಲ, 2012ರಿಂದಲೇ ಆರ್‌ಬಿಐ ನಿಯಮ ಇದೆ.

ಇನ್ನೊಂದು ವಿಷಯ ಹೊಸಬರಿಗೆ ಹೊಳೆಯುವುದಿಲ್ಲ. ಬೋನಸ್ ನಿಮ್ಮ ರೇಟಿಂಗ್ ಒಂದರ ಮೇಲೇ ನಿಂತಿಲ್ಲ. ನಿಮ್ಮ ಯುಟಿಲೈಸೇಷನ್ (ನಿಮ್ಮ ಸಮಯದಲ್ಲಿ ಕ್ಲೈಂಟ್ ಕೆಲಸಕ್ಕೆ ಹೋದ ಪಾಲು), ನಿಮ್ಮ ಪ್ರಾಕ್ಟೀಸ್‌ನ, ಅಂದರೆ ವಿಭಾಗದ ವ್ಯಾಪಾರ, ಇಡೀ ಕಂಪನಿಯ ಲಾಭ ಎಲ್ಲ ಲೆಕ್ಕಕ್ಕೆ ಬರುತ್ತದೆ. ಕ್ಲೈಂಟ್ ಪ್ರಾಜೆಕ್ಟ್ ನಿಲ್ಲಿಸಿದರೆ ನೀವು ಪ್ರಾಜೆಕ್ಟ್ ಇಲ್ಲದೆ ಬೆಂಚಿಗೆ, ಬೋನಸ್ ಗಾಳಿಗೆ. ಕೆಲಸ ಹೋಗುವುದೂ ಅಂಥ ಕಾಲದಲ್ಲೇ. 2023ರ ಮಾರ್ಚ್‌ನಲ್ಲಿ ಕನ್ಸಲ್ಟಿಂಗ್ ಕಂಪನಿ ಆಕ್ಸೆಂಚರ್ 19,000 ಹುದ್ದೆ ಕಡಿಮೆ ಮಾಡುವುದಾಗಿ ಹೇಳಿದ್ದು ನೆನಪಿದೆ ಅಲ್ವಾ? ಎರಡು ಏಟೂ ಒಟ್ಟಿಗೇ ಬೀಳುವ ಕೆಲಸ ಇದು. ಹಾಗಾಗಿ ಬೇರೆಯವರು ಆರು ತಿಂಗಳ ಖರ್ಚು ಎತ್ತಿಟ್ಟರೆ ಸಾಕಾಗಬಹುದು, ನಾವು ಒಂಬತ್ತು ತಿಂಗಳದ್ದು ಇಡುವುದು ವಾಸಿ.

ಕೆಲಸ ಬಿಡುವ ಯೋಚನೆ ಇದ್ದರೆ ಪತ್ರ ಕೊಡುವ ಮುಂಚೆ ಬೋನಸ್ ಪಾಲಿಸಿ ಓದಿ. ನೋಟಿಸ್ ಪೀರಿಯಡ್‌ನಲ್ಲಿ ಇರುವವರಿಗೆ ಬೋನಸ್ ಇಲ್ಲ ಎಂದು ಎಷ್ಟೋ ಕಡೆ ಬರೆದಿರುತ್ತದೆ. ಹೊಸ ಕಂಪನಿ ಅದರ ಬದಲು ಜಾಯಿನಿಂಗ್ ಬೋನಸ್ ಕೊಡಬಹುದು, ಕೇಳಿ. ವರ್ಷದೊಳಗೆ ಬಿಟ್ಟರೆ ಅದನ್ನು ವಾಪಸ್ ಕಟ್ಟಬೇಕು ಎಂಬ ಷರತ್ತು ಸಾಮಾನ್ಯ. ಅಲ್ಲಿ ಒಂದೇ ಒಂದು ಸಾಲು ನೋಡಿ: ವಾಪಸ್ ಕೊಡಬೇಕಾದ್ದು ತೆರಿಗೆ ಕಳೆದ ಮೊತ್ತವೋ, ಪೂರ್ತಿ ಮೊತ್ತವೋ? ಪೂರ್ತಿ ಅಂತ ಇದ್ದರೆ ಸಹಿಗೆ ಮುಂಚೆಯೇ ಎಚ್‌ಆರ್ ಜೊತೆ ಮಾತಾಡಿ.